ಬಿಸಿಲ ನಾಡಿನ ಅಂಗಡಿ

ನವಲಗುಂದ ತಾಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಹೋಳಿ ಹುಣ್ಣಿಮೆ ಕಳೆದ ಮೇಲೆ ಅಲ್ಲಿ ಚಾಂಗದೇವರ ಜಾತ್ರೆ. ಎರೆಯ ಬಯಲು ಬಿಸಿಲಿಗೆ ಬಿರಿಯುವ ಕಾಲ. ಆದರೂ ಬಳೆ, ಬೆಂಡು ಬತ್ತಾಸು ಮಾರುವವರು ಮೇಲೊಂದು ಬಟ್ಟೆ ಕಟ್ಟಿ, ಬದಿಗಳನ್ನು ಗಾಳಿಗೆ ಬಿಟ್ಟು, ದಿನವಿಡೀ ವ್ಯಾಪಾರ ನಡೆಸುತ್ತಾರೆ. ಬಿಸಿಲನ್ನು ಹೊರಗೇ ತಡೆಯಬೇಕು, ಗಾಳಿಗೆ ದಾರಿ ಬಿಡಬೇಕು. ವಾಣಿಜ್ಯ ಕಟ್ಟಡದ ಮೊದಲ ಪಾಠ ಇಷ್ಟೇ.

ಎರಡನೆಯ ಪಾಠ ನಮ್ಮ ಹಳೆಯ ಮಾಳಿಗೆ ಮನೆಗಳದು. ಅವುಗಳ ಗೋಡೆ ಮಣ್ಣಿನದು, ಮೊಳಕ್ಕೂ ಮಿಕ್ಕಿದ ದಪ್ಪ, ಮೇಲ್ಮುದ್ದೆಯೂ ಮಣ್ಣಿನದೇ. ಮಧ್ಯಾಹ್ನದ ಕಾವು ಇಂಥ ಗೋಡೆಯನ್ನು ಹಾಯ್ದು ಒಳಮೈ ಮುಟ್ಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಮನೆಯವರು ಆಗ ಸೆಕೆಯೆಂದು ಮಾಳಿಗೆ ಏರಿ ಮಲಗುತ್ತಾರೆ. ಅಂಗಡಿಯಾದರೋ ಆ ಹೊತ್ತಿಗೆ ಬಾಗಿಲು ಹಾಕಿರುತ್ತದೆ! ಮೇಲಿನ ಜಾಲಂಧ್ರಗಳನ್ನು ತೆರೆದಿಟ್ಟರೆ ಇರುಳ ಗಾಳಿ ಆ ಕಾವನ್ನು ಹೊತ್ತೊಯ್ಯುತ್ತದೆ. ಅಂದರೆ ದಪ್ಪ ಗೋಡೆಯು ಮನೆಗಿಂತಲೂ ಅಂಗಡಿಗೆ, ಕಚೇರಿಗೆ ಹೆಚ್ಚು ಒಪ್ಪುವಂಥದು.

ನಾವು ಮಾಡುತ್ತಿರುವುದೇನು? ಪಡುವಣಕ್ಕೆ ಮುಖಮಾಡಿದ ಅಂಗಡಿಗೂ ನೆಲದಿಂದ ಸೂರಿನವರೆಗೆ ಗಾಜು. ಇಳಿಬಿಸಿಲು ಛಜ್ಜದ ಕೆಳಗಿನಿಂದ ನುಸುಳುತ್ತದೆ. ಗಾಜು ಬೆಳಕನ್ನು ಒಳಬಿಡುತ್ತದೆ. ಅದರಿಂದ ಹುಟ್ಟಿದ ಕಾವನ್ನು ಸುಲಭವಾಗಿ ಹೊರಬಿಡದು. ಅದನ್ನು ಹೊರದೂಡಲು ಯಂತ್ರ, ಯಂತ್ರಕ್ಕೆ ವಿದ್ಯುತ್ತು. ಆ ಬಿಲ್ಲನ್ನು ಕೊನೆಗೆ ತೆರುವವನು ಗಿರಾಕಿ.

ಮಣ್ಣಿನ ಗೋಡೆ ಮಳೆಗೆ ನಿಂತೀತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2019ರ ಆಗಸ್ಟ್ ತಿಂಗಳ ಮಳೆ, ನೆರೆಗಳಲ್ಲಿ ಈ ಜಿಲ್ಲೆಯ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಆದರೆ ಅದಕ್ಕೆ ಗಾಜು ಉತ್ತರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು, ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಉಬ್ಬಿ ಕುಗ್ಗುವ ಎರೆಮಣ್ಣು ಮಾತ್ರ ಇದಕ್ಕೆ ಒದಗದು. ಮರಳು ಬೆರೆತ ಕೆಂಪು ಮಣ್ಣು ಬೇಕು.

ದೊಡ್ಡ ಕಟ್ಟಡಗಳಿಗೂ ಈ ವಿವೇಕ ಸಲ್ಲುತ್ತದೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಗಾಗಿ ಸಂಜಯ್ ಮೋಹೆಯವರು ರೂಪಿಸಿದ ಕಚೇರಿಯ ದಕ್ಷಿಣದ ಗೋಡೆಗೆ ಕರಿಯ ಕಡಪ ಕಲ್ಲಿನ ಹೊರಪದರವಿದೆ. ಕಲ್ಲು ಕಾದಾಗ ಪದರಗಳ ನಡುವಣ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಅದರ ಹಿಂದೆ ಒಳಗಿನ ಗಾಳಿ, ಅದರ ಹಿಂದೆ ಉತ್ತರದ ತಂಗಾಳಿ ಹರಿದುಬರುತ್ತದೆ. ಬಿಸಿಲನ್ನೇ ಅಲ್ಲಿ ಬೀಸಣಿಗೆಯಾಗಿ ದುಡಿಸಿಕೊಂಡಿದ್ದಾರೆ.

ಅಂಗಡಿ ಕಟ್ಟಿಸುವವರಲ್ಲಿ ನನ್ನ ಬಿನ್ನಹ ಒಂದೇ. ನಕ್ಷೆ ಬರೆಸುವ ಮುನ್ನ ವೈಶಾಖದ ಒಂದು ಮಧ್ಯಾಹ್ನ ನಿಮ್ಮ ನಿವೇಶನದಲ್ಲಿ ನಿಂತು, ಬಿಸಿಲು ಎತ್ತಣಿಂದ ಬೀಳುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ ಎಂಬುದನ್ನು ನೋಡಿಕೊಳ್ಳಿರಿ. ಗಾಜಿನವನನ್ನು ಆಮೇಲೆ ಕರೆದರಾಯಿತು.