ದವಡೆಗೆ ತುಂಬುವ ಬಿಳಿ ಹರಳು

ಹಲ್ಲಿನ ಇಂಪ್ಲಾಂಟ್ ಕೂರಿಸೋಕೆ ದವಡೆ ಮೂಳೆ ಸಾಲದಿದ್ರೆ, ಡಾಕ್ಟರು ಅಲ್ಲಿಗೆ ಬಿಳಿ ಹರಳು ತುಂಬ್ತಾರೆ. ಅದರಲ್ಲಿ ಒಂದು ಬಗೆ ಹೈಡ್ರಾಕ್ಸಿಅಪಟೈಟ್. ನಮ್ಮ ಮೂಳೆಯ ಖನಿಜವೂ ಅದೇ ಅಂತಾರೆ. ಪೂರ್ತಿ ಅದೇ ಅಲ್ಲ. ಮೂಳೆಯ ಖನಿಜದಲ್ಲಿ ತೂಕಕ್ಕೆ ಸುಮಾರು ಶೇ. 4ರಿಂದ 8ರಷ್ಟು ಕಾರ್ಬೊನೇಟ್ ಇರುತ್ತೆ, ಹೆಚ್ಚಿನದು ಫಾಸ್ಫೇಟ್ ಕೂರಬೇಕಾದ ಜಾಗದಲ್ಲಿ.

ಈ ಬೆರಕೆಯಿಂದಲೇ ಲಾಭ. ಹರಳಿನ ಕಟ್ಟು ಸಡಿಲವಾಗಿ, ಆಮ್ಲಕ್ಕೆ ಬೇಗ ಕರಗುತ್ತೆ. ಮೂಳೆ ತಿನ್ನೋ ಜೀವಕೋಶ ಆಮ್ಲ ಬಿಟ್ಟು ಅದನ್ನ ತೆಗೆಯುತ್ತೆ, ಮೂಳೆ ಕಟ್ಟೋ ಕೋಶ ಆ ಜಾಗ ತುಂಬುತ್ತೆ. ನಾನು ಬಿ.ಕಾಂ. ಅಲ್ವಾ, ನನ್ನ ಲೆಕ್ಕದಲ್ಲಿ ಇದು ಉಳಿತಾಯ ಖಾತೆ. ಸುಟ್ಟು ಗಟ್ಟಿ ಮಾಡಿದ ಶುದ್ಧ ಹೈಡ್ರಾಕ್ಸಿಅಪಟೈಟ್ ಫಿಕ್ಸೆಡ್ ಡೆಪಾಸಿಟ್: ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ. ಹಾಗಂತ ಕಾರ್ಬೊನೇಟ್ ಸುರಿಯೋಕಾಗಲ್ಲ. ಹೊಸ ಮೂಳೆ ಬರೋ ಮುಂಚೆಯೇ ಕರಗಿಹೋದ್ರೆ ಗುಂಡಿ ಹಾಗೇ ಉಳಿಯುತ್ತೆ.

ತೊಂದರೆ ಕುಲುಮೆಯದು. ಹೆಚ್ಚು ಕಾಯಿಸಿದ್ರೆ ಕಾರ್ಬೊನೇಟ್ ಹಾರಿಹೋಗುತ್ತೆ. ಜಪಾನಿನ ಕ್ಯುಷು ವಿಶ್ವವಿದ್ಯಾಲಯದ ಕುನಿಯೊ ಇಷಿಕಾವಾ ತಂಡ ಸುಣ್ಣದಕಲ್ಲಿನ ಖನಿಜ ಕ್ಯಾಲ್ಸೈಟನ್ನ ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿ, ಕುಲುಮೆಗೆ ಹಾಕದೆಯೇ ಇದನ್ನ ಮಾಡ್ತು. ನನಗಂತೂ ಉಪ್ಪಿನಕಾಯಿ ಭರಣಿ ನೆನಪಾಯ್ತು.

ಇನ್ನು ‘ಬಯೋಆಕ್ಟಿವ್’ ಅನ್ನೋ ಲೇಬಲ್. ಎಷ್ಟೋ ಸಲ ಅದರ ಹಿಂದಿರೋದು ಒಂದೇ ಪರೀಕ್ಷೆ: ರಕ್ತದ ಲವಣಗಳನ್ನ ಹೋಲೋ ನೀರಲ್ಲಿ ಮುಳುಗಿಸಿ, ಮೇಲೆ ಅಪಟೈಟ್ ಪದರ ಕಟ್ಟುತ್ತಾ ಅಂತ ನೋಡೋದು. ಆ ನೀರಲ್ಲಿ ಒಂದೂ ಜೀವಕೋಶ ಇರಲ್ಲ. ಬೋನರ್, ಲೆಮೆತ್ರ್ 2009ರಲ್ಲೇ ಈ ಪರೀಕ್ಷೆಯನ್ನ ಪ್ರಶ್ನಿಸಿದ್ರು. ದುಡ್ಡು ಕಟ್ಟೋ ಮುಂಚೆ ನೀವೂ ಕೇಳಿ: ಡಾಕ್ಟ್ರೇ, ಈ ಹರಳು ಮನುಷ್ಯರ ದವಡೇಲಿ ಎಷ್ಟು ತಿಂಗಳಿಗೆ ಮೂಳೆಯಾಗಿದೆ?