ಕೆಂಪು ಪಟ್ಟಿಯೂ ದೀರ್ಘಸೂತ್ರವೂ

ಅರ್ಜಿಯೊಂದನ್ನು ಕೊಟ್ಟು, ಮೂರು ತಿಂಗಳು ಕಾದು, ನಾಲ್ಕನೆಯ ಸಲ ಕಚೇರಿಗೆ ಹೋಗಿ ವಿಚಾರಿಸಿ, ಬರಿಗೈಯಲ್ಲಿ ಹಿಂದಿರುಗಿದ ಮಿತ್ರರು ನಮ್ಮ ಜಗಲಿಯ ಮೇಲೆ ಕುಳಿತು ಏನು ಹೇಳುತ್ತಾರೆ? “ಎಲ್ಲಾ ರೆಡ್ ಟೇಪು, ಸ್ವಾಮಿ” ಎನ್ನುತ್ತಾರೆ. ನಾವೂ ತಲೆದೂಗುತ್ತೇವೆ. ಅಷ್ಟರಲ್ಲಿ ಕಾಫಿ ಬರುತ್ತದೆ, ವಿಚಾರಣೆ ಮುಗಿಯುತ್ತದೆ. ತಡವಾದುದು ಏಕೆ, ಯಾರಿಂದ ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತುವುದಿಲ್ಲ. ಎರಡು ಇಂಗ್ಲಿಷ್ ಮಾತುಗಳಿಗೆ ಇಷ್ಟೊಂದು ಸಮಾಧಾನಪಡಿಸುವ ಶಕ್ತಿ ಎಲ್ಲಿಂದ ಬಂದಿತೆಂಬುದನ್ನು ಈ ಹೊತ್ತು ಕೊಂಚ ಆಲೋಚಿಸೋಣ.

ಇಂಗ್ಲೆಂಡಿನಲ್ಲಿ ಸರ್ಕಾರದ ಮತ್ತು ನ್ಯಾಯಾಲಯದ ಕಾಗದಗಳನ್ನು ಕೆಂಪು ಬಣ್ಣದ ಬಟ್ಟೆಯ ಪಟ್ಟಿಯಿಂದ ಕಟ್ಟಿಡುವುದು ಹಳೆಯ ವಾಡಿಕೆ. ಅಲ್ಲಿಯ ಬ್ಯಾರಿಸ್ಟರುಗಳ ಕಾಗದದ ಕಟ್ಟುಗಳಲ್ಲಿ ನಸುಗೆಂಪಿನ ಪಟ್ಟಿಯು ಇಂದಿಗೂ ಕಾಣಬರುವುದುಂಟು. ಕಾಗದಗಳು ಚೆದರದಂತೆ ಹಿಡಿದಿಡುವ ಆ ಪಟ್ಟಿಯಲ್ಲಿ ದೋಷವೇನೂ ಇರಲಿಲ್ಲ. ಆದರೆ ಕಟ್ಟುವವರು ಹಲವರಾಗಿ ಬಿಚ್ಚುವವರು ಇಲ್ಲವಾದಾಗ, ಪಟ್ಟಿಯ ಹೆಸರೇ ವಿಳಂಬದ ಹೆಸರಾಯಿತು. ಕಾರ್ಲೈಲನು 1850ರ ತನ್ನ ಕಿರುಹೊತ್ತಗೆಗಳಲ್ಲಿ ಈ ಮಾತನ್ನು ಚಾಟಿಯಂತೆ ಬೀಸಿದನು. ಡಿಕನ್ಸನು 1851ರಲ್ಲಿ ತನ್ನ ವಾರಪತ್ರಿಕೆಯಲ್ಲಿ ಇದೇ ಶಿರೋನಾಮೆಯ ಲೇಖನವೊಂದನ್ನು ಪ್ರಕಟಿಸಿದನು. ಮುಂದೆ 1855ರಿಂದ 1857ರವರೆಗೆ ಕಂತುಕಂತಾಗಿ ಹೊರಬಂದ ‘ಲಿಟಲ್ ಡಾರಿಟ್’ ಕಾದಂಬರಿಯಲ್ಲಿ, ಯಾವ ಕೆಲಸವೂ ಆಗದಂತೆ ನೋಡಿಕೊಳ್ಳುವುದನ್ನೇ ಒಂದು ವಿದ್ಯೆಯನ್ನಾಗಿ ಸಾಧಿಸಿದ ಕಚೇರಿಯನ್ನು ಚಿತ್ರಿಸಿದನು.

ಆ ಕಾದಂಬರಿಯ ಹಿನ್ನೆಲೆಯಲ್ಲಿ ಕ್ರೈಮಿಯಾ ಯುದ್ಧದ ಕಹಿಯಿತ್ತು. 1854ರ ಚಳಿಗಾಲದಲ್ಲಿ ಸೆವಾಸ್ಟೊಪೋಲಿನ ಮುತ್ತಿಗೆಯಲ್ಲಿ ನಿಂತಿದ್ದ ಬ್ರಿಟಿಷ್ ಸೈನಿಕರಿಗೆ ಸ್ಕರ್ವಿ ರೋಗ ತಗುಲಿತು. ವಸಡುಗಳು ಊದಿ ರಕ್ತ ಸುರಿಯಿತು. ನಿಂಬೆಯ ರಸವು ಈ ರೋಗಕ್ಕೆ ಮದ್ದೆಂಬುದು ಅಂದಿಗೆ ಹೊಸ ಸಂಗತಿಯಲ್ಲ. ಅವರದೇ ನೌಕಾದಳವು ಅದನ್ನು 1795ರಿಂದ ನಾವಿಕರಿಗೆ ಕೊಡುತ್ತಿತ್ತು. ಡಿಸೆಂಬರ್ ತಿಂಗಳಲ್ಲಿ ನಿಂಬೆರಸವು ಹಡಗಿನಲ್ಲಿ ಬಾಲಕ್ಲಾವ ಬಂದರನ್ನು ತಲಪಿತು. ಸೈನಿಕರಿಗೆ ಅದರ ಹಂಚಿಕೆ ಆರಂಭವಾದುದು ಮರುವರ್ಷದ ಫೆಬ್ರವರಿಯಲ್ಲಿ! ಕಾರಣವಿಷ್ಟೆ: ದಿನದ ಪಡಿಯಲ್ಲಿ ನಿಂಬೆರಸವನ್ನು ಸೇರಿಸಬೇಕೆಂಬ ಆಜ್ಞೆಯಿರಲಿಲ್ಲ. ಕಾಫಿಯೂ ಬಂದಿತ್ತು, ಆದರೆ ಹುರಿಯದ ಹಸಿರು ಬೀಜವಾಗಿ, ಹುರಿಯಲು ಸೌದೆಯೂ ದೊರಕದವರ ಪಾಲಿಗೆ. ಸರಬರಾಜಿನ ವಿಚಾರಣೆ ನಡೆಸಿದ ಮೆಕ್ನೀಲ್ ಮತ್ತು ಟಲಕ್ ಎಂಬುವರು 1856ರ ಹೊತ್ತಿಗೆ ಇವುಗಳನ್ನೆಲ್ಲ ವರದಿಮಾಡಿದರು.

ಇಲ್ಲಿ ತಡಮಾಡಿದವರು ಯಾರು? ಉಗ್ರಾಣದವನು ಆಜ್ಞೆಗಾಗಿ ಕಾದನು. ಆಜ್ಞೆಮಾಡಬೇಕಾದವನು ಕೇಳುವವರಿಗಾಗಿ ಕಾದನು. ಒಬ್ಬೊಬ್ಬನನ್ನೂ ಕರೆದು ಕೇಳಿದರೆ ತಾನು ನಿಯಮ ಮೀರಲಿಲ್ಲವೆಂದೇ ಹೇಳಿಯಾನು. ಹೀಗೆ ಎಲ್ಲರೂ ನಿರ್ದೋಷಿಗಳಾಗಿ ಕೆಲಸ ಮಾತ್ರ ನಿಂತುಹೋಗುವ ವಿಚಿತ್ರ ಸ್ಥಿತಿಯನ್ನು ‘ರೆಡ್ ಟೇಪ್’ ಎಂಬ ಮಾತು ಚೆನ್ನಾಗಿ ಹಿಡಿಯಿತು. ಅದು ಆ ಮಾತಿನ ಗುಣ. ಅದರ ದೋಷವೂ ಅಲ್ಲಿಯೇ ಇದೆ. ತಪ್ಪನ್ನು ಪಟ್ಟಿಗೆ ಹೊರಿಸಿದೊಡನೆ ಕಟ್ಟಿದ ಕೈ ಮರೆಯಾಗುತ್ತದೆ. ಬೈಯಲೆಂದು ಹುಟ್ಟಿದ ಮಾತು, ಬೈಸಿಕೊಳ್ಳಬೇಕಾದವರಿಗೆ ಕೊಡೆಯಾಗುತ್ತದೆ.

ನಮ್ಮ ಹಿರಿಯರ ಮಾತುಗಳ ಜಾಡು ಬೇರೆ. ಮೀನಮೇಷ ಎಣಿಸುವುದೆಂದು ನಾವು ಹೇಳಿದರೆ, ಎಣಿಸುವ ಮನುಷ್ಯನು ಕಣ್ಣೆದುರಿಗೆ ನಿಲ್ಲುತ್ತಾನೆ. ಸಂಸ್ಕೃತದಿಂದ ಬಂದ ‘ದೀರ್ಘಸೂತ್ರ’ ಎಂಬುದಂತೂ ಸೋಜಿಗದ ಮಾತು: ಉದ್ದನೆಯ ನೂಲು ಎಂದು ಅದರ ಶಬ್ದಾರ್ಥ. ಇಂಗ್ಲಿಷರಿಗೆ ಪಟ್ಟಿ, ನಮಗೆ ನೂಲು. ವಿಳಂಬವನ್ನು ಇಬ್ಬರೂ ದಾರದಲ್ಲಿಯೇ ಕಂಡರು! ಆದರೆ ಗೀತೆಯ ಹದಿನೆಂಟನೆಯ ಅಧ್ಯಾಯವು ದೀರ್ಘಸೂತ್ರತೆಯನ್ನು ತಾಮಸ ಕರ್ತೃವಿನ ಲಕ್ಷಣಗಳಲ್ಲಿ ಎಣಿಸಿತು, ಕಡತದ ಲಕ್ಷಣವೆನ್ನಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಮೂರು ಮೀನುಗಳ ಕಥೆಯಿದೆ. ಬೆಸ್ತರು ಕೊಳದ ನೀರನ್ನು ಹೊರಗೆ ಹರಿಸತೊಡಗಿದಾಗ ಮುಂದಾಲೋಚನೆಯುಳ್ಳ ಮೀನು ಮೊದಲೇ ಹೊರಟುಹೋಯಿತು. ಸಮಯಸ್ಫೂರ್ತಿಯ ಮೀನು, ಬೆಸ್ತರು ಮೀನುಗಳನ್ನು ಪೋಣಿಸಿದ ದಾರವನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು ನಟಿಸಿ, ತೊಳೆಯಲು ನೀರಿಗದ್ದಿದಾಗ ತಪ್ಪಿಸಿಕೊಂಡಿತು. ಅವಸರವೇನೆಂದು ಕುಳಿತ ದೀರ್ಘಸೂತ್ರನು ಸತ್ತನು.

ಆ ಕಥೆಗೂ ಕ್ರೈಮಿಯಾದ ಕಥೆಗೂ ಒಂದು ಭೇದವುಂಟು. ಕೊಳದಲ್ಲಿ ತಡಮಾಡಿದವನೇ ಸತ್ತನು. ಬಾಲಕ್ಲಾವದಲ್ಲಿ ತಡಮಾಡಿದವರು ಬೇರೆ, ನರಳಿದವರು ಬೇರೆ. ಕಚೇರಿಯ ವಿಳಂಬದ ಕ್ರೌರ್ಯವೆಲ್ಲ ಇದರಲ್ಲಿದೆ. ಆದುದರಿಂದ ನಮಗೆ ಎರಡು ಮಾತುಗಳೂ ಬೇಕು: ಏರ್ಪಾಡಿನ ಗಂಟನ್ನು ತೋರಿಸಲು ಇಂಗ್ಲಿಷರದು, ಗಂಟು ಬಿಚ್ಚದ ಮನುಷ್ಯನನ್ನು ತೋರಿಸಲು ನಮ್ಮದು.

ಈ ಎರಡನ್ನೂ ಕೂಡಿಸುವ ಯತ್ನವೊಂದು ನಮ್ಮ ನಾಡಿನಲ್ಲಿ ನಡೆದಿದೆ. 2011ರಲ್ಲಿ ಕರ್ನಾಟಕವು ಮಾಡಿ 2012ರಲ್ಲಿ ‘ಸಕಾಲ’ ಎಂಬ ಹೆಸರಿನಿಂದ ಜಾರಿಗೆ ತಂದ ಕಾಯಿದೆಯು, ಒಂದೊಂದು ಕೆಲಸಕ್ಕೂ ಇಷ್ಟು ದಿನವೆಂದು ಗೊತ್ತುಮಾಡಿತು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕು. ಅದನ್ನು ತಡಮಾಡಿದ ನೌಕರನಿಂದಲೇ ವಸೂಲುಮಾಡಬೇಕು ಎಂದಿತು. ಹಣ ಅಲ್ಪವಿರಬಹುದು, ತತ್ತ್ವ ಅಲ್ಪವಲ್ಲ. ಪಟ್ಟಿಯ ತುದಿಯಲ್ಲಿ ಒಂದು ಕೈಯಿದೆಯೆಂದು ಕಾಯಿದೆಯು ಒಪ್ಪಿಕೊಂಡಂತಾಯಿತು.

ಇನ್ನುಮುಂದೆ ನಮ್ಮ ಮಿತ್ರರು “ಎಲ್ಲಾ ರೆಡ್ ಟೇಪು” ಎಂದಾಗ ನಾವು ತಲೆದೂಗುವ ಮೊದಲು, “ಕಾಗದ ಈಗ ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ?” ಎಂದು ಕೇಳೋಣ. ಆ ಮೇಜು ನಮ್ಮದೇ ಆಗಿದ್ದರೆ, ಕಾಫಿಗೆ ಮುಂಚೆ ಕಟ್ಟನ್ನು ಬಿಚ್ಚೋಣ.