ಚೇಳು ಕುಟುಕಿದಾಗ

ಚೇಳಿಗೆ ವಿಷವಿರುವುದು ಬಾಲದಲ್ಲಿ. ಆದರೂ ನಮ್ಮ ಕಡೆ ‘ಚೇಳು ಕಡಿಯಿತು’ ಎನ್ನುವುದೇ ರೂಢಿ. ಮಾತು ಹೇಗೇ ಇರಲಿ, ಪಟ್ಟವರ ಪಾಡು ಒಂದೇ.

ಸಮೀರವಾಡಿಯ ಸುತ್ತಣ ಕಬ್ಬಿನ ಸೀಮೆಯಲ್ಲಿ ಚೇಳಿಗೆ ವಸತಿಯ ಕೊರತೆಯಿಲ್ಲ. ಬದುವಿನ ಕಲ್ಲು, ಒಣಗಿದ ರವದಿ, ಹಿತ್ತಲಿನ ಕುಳ್ಳಿನ ರಾಶಿ, ಮಣ್ಣುಗೋಡೆಯ ಬಿರುಕು, ಎಲ್ಲವೂ ಅದಕ್ಕೆ ಮನೆಯೇ. ಹಗಲೆಲ್ಲ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ಬೇಸಿಗೆಯ ಸೆಕೆಯಲ್ಲೂ ಮೊದಲ ಮಳೆಯ ದಿನಗಳಲ್ಲೂ ಇದರ ಕಾಟ ಹೆಚ್ಚು.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಚೇಳುಗಳುಂಟು. ಒಂದು ದೊಡ್ಡ ಕರಿಚೇಳು. ಇದರ ಇಕ್ಕಳಗಳು ದಪ್ಪ, ಬಾಲ ಸಣ್ಣ. ನೋಡಿದರೆ ಎದೆ ನಡುಗುತ್ತದೆ. ಆದರೆ ಇದರ ವಿಷದಿಂದ ಪ್ರಾಣಾಪಾಯ ಅಪರೂಪ. ಇನ್ನೊಂದು ಎರಡು ಮೂರು ಅಂಗುಲದ ಕೆಂಪು ಚೇಳು. ಇಕ್ಕಳಗಳು ತೆಳು, ಬಾಲ ದಪ್ಪ. ಅಂಜಬೇಕಾದದ್ದು ಇದಕ್ಕೆ.

ಮಂತ್ರದ ಕೀರ್ತಿ ಹುಟ್ಟಿದ್ದೂ ಈ ಭೇದದಿಂದಲೇ. ಕರಿಚೇಳಿನ ಉರಿ ಕೆಲವು ತಾಸುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಂತ್ರ ಹಾಕಿದವನಿಗೆ ಬರುತ್ತದೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಯಂದು ಜನ ಚೇಳುಗಳನ್ನು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಭಕ್ತಿ ಅವರದು, ಆದರೆ ಕೆಂಪು ಚೇಳು ಕುಟುಕಿದ ಮಗುವಿಗೆ ಬೇಕಾದದ್ದು ಮದ್ದು, ಅದೂ ಬೇಗ.

ಕೆಂಪು ಚೇಳಿನ ವಿಷ ನರಗಳನ್ನು ಕೆರಳಿಸುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಹೃದಯಕ್ಕೆ ಹೊರೆ ಏರುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗುರುತುಗಳನ್ನು ನೆನಪಿಡಿ: ವಾಂತಿ, ಮೈತುಂಬ ಬೆವರು, ಜೊಲ್ಲು, ತಣ್ಣಗಾದ ಕೈಕಾಲು, ಗಂಡುಮಕ್ಕಳಲ್ಲಿ ಶಿಶ್ನದ ನಿಮಿರು, ಬಳಿಕ ಕೆಮ್ಮು, ಏದುಸಿರು. ಕುಟುಕಿದ ಜಾಗದಲ್ಲಿ ನೋವು ಕಡಿಮೆಯೆಂದು ಸಮಾಧಾನ ಪಡಬೇಡಿ. ಮಗು ಅಳು ನಿಲ್ಲಿಸಿ ಬೆವರುತ್ತ ತಣ್ಣಗಾದರೆ ಅದೇ ಅಪಾಯದ ಹೊತ್ತು.

ಇದಕ್ಕೆ ದಾರಿ ತೋರಿದವರು ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ ಬಾವಸ್ಕರ ಅವರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರೋಗಿಗಳ ಮಂಚದ ಬಳಿಯೇ ಕುಳಿತು ಲಕ್ಷಣಗಳನ್ನು ಬರೆದಿಟ್ಟರು. ರಕ್ತದ ಒತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆ ಬಿಗಿದ ರಕ್ತನಾಳಗಳನ್ನು ಸಡಿಲಿಸಿ ಜೀವ ಉಳಿಸುತ್ತದೆಂದು ಕಂಡುಕೊಂಡರು. 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಮೊದಲು ವಿಷವೇರಿದ ನೂರು ಮಂದಿಯಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಈ ಚಿಕಿತ್ಸೆಯಿಂದ ಅದು ಒಂದರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಚೇಳಿನ ವಿಷಕ್ಕೆ ಪ್ರತಿವಿಷದ ಮದ್ದೂ ಈಗ ಉಂಟು. ಎರಡನ್ನೂ ವೈದ್ಯರೇ ಕೊಡಬೇಕು. ಗುಳಿಗೆ ನುಂಗಿದವರ ರಕ್ತದ ಒತ್ತಡ ಥಟ್ಟನೆ ಕುಸಿಯಬಹುದಾದ್ದರಿಂದ ಮಲಗಿಸಿ ನೋಡಿಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಧೈರ್ಯ ಹೇಳಿರಿ. ಜಾಗವನ್ನು ಸಾಬೂನಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಕೈಕಾಲು ಅಲುಗದಂತಿರಲಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಇವು ಯಾವುವೂ ಬೇಡ. ಕತ್ತಲಲ್ಲಿ ಚೇಳಿನ ಬಣ್ಣ ಹುಡುಕುತ್ತ ಹೊತ್ತು ಕಳೆಯಬೇಡಿ. ಮಗುವಾದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮುಂಜಾಗ್ರತೆಗೆ ಖರ್ಚಿಲ್ಲ. ಜೋಡು ಮೆಟ್ಟುವ ಮುನ್ನ ಕೊಡವಿರಿ, ಹಾಸಿಗೆ ಝಾಡಿಸಿರಿ, ರಾತ್ರಿ ಅಂಗಳಕ್ಕಿಳಿಯುವಾಗ ಬ್ಯಾಟರಿ ಹಿಡಿಯಿರಿ, ಕುಳ್ಳು ತೆಗೆಯುವಾಗ ಕೋಲಿನಿಂದ ಸರಿಸಿ ನೋಡಿರಿ.

ನಿಮ್ಮ ಮನೆಯಲ್ಲಿ ರೇಡಿಯೋ ಇದೆ. ಕಬ್ಬು ಕಡಿಯಲು ಬಂದು ಗುಡಿಸಲಿನಲ್ಲಿ ಮಲಗುವವರ ಬಳಿ ಇರಲಿಕ್ಕಿಲ್ಲ. ಈ ನಾಲ್ಕು ಮಾತು ಅವರ ಕಿವಿಗೂ ಬೀಳಲಿ. ಒಂದು ತಾಸಿನ ಉಳಿತಾಯದಲ್ಲಿ ಒಂದು ಮಗು ಉಳಿದೀತು.